ಮೊಡವೆ ಮಾತ್ರೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಡವೆ ಔಷಧಿಯವು. ಓದುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಜನ ಹೆದರಬೇಕಾದ ಕಡೆ ಹೆದರುತ್ತಿಲ್ಲ, ಹೆದರದೇ ಇರಬಹುದಾದ ಕಡೆ ನಿದ್ದೆಗೆಡುತ್ತಿದ್ದಾರೆ. ತುಟಿ ಒಡೆದರೆ ಗಾಬರಿ, ಮೂರು ವರ್ಷ ಸ್ಟೀರಾಯ್ಡ್ ಕ್ರೀಂ ಹಚ್ಚಿದರೆ ನಿಶ್ಚಿಂತೆ! ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ. ಹೆಸರುಗಳನ್ನು ತೆಗೆದಿದ್ದೇನೆ, ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಮುಖ, ಬೆನ್ನಿನ ತುಂಬಾ ಕೀವು ತುಂಬಿದ ದಪ್ಪ ಮೊಡವೆ. ಡಾಕ್ಟರು ಐಸೋಟ್ರೆಟಿನಾಯಿನ್ 20 ಮಿ.ಗ್ರಾಂ. ಬರೆದುಕೊಟ್ಟು ಒಂದೂವರೆ ತಿಂಗಳಾಯಿತು. ಮೊದಲ ಮೂರು ವಾರ ಮೊಡವೆ ಇನ್ನೂ ಜಾಸ್ತಿಯಾಯಿತು. ಈಗ ತುಟಿ ಒಡೆದು ರಕ್ತ ಬರುತ್ತದೆ, ಎರಡು ಸಲ ಮೂಗಿನಿಂದಲೂ ಬಂತು. ಲಿವರ್ ಹೋಗುತ್ತೆ, ಬಿಡಿಸಿಬಿಡು ಅಂತ ನಮ್ಮ ಓರಗಿತ್ತಿ ದಿನಾ ಹೇಳುತ್ತಾರೆ. ನಿಲ್ಲಿಸಲಾ?
– ತಾಯಿ, ಹಾಸನ

ನಿಲ್ಲಿಸಬೇಡಿ ತಾಯಿ. ಕನಿಷ್ಠ ಓರಗಿತ್ತಿಯ ಮಾತು ಕೇಳಿ ನಿಲ್ಲಿಸಬೇಡಿ.

ಈ ಮಾತ್ರೆ ಎ ವಿಟಮಿನ್ನಿನ ನೆಂಟ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆ ಬಂದ ಮದ್ದಲ್ಲ, ಇದರ ಗುಣ ಅವಗುಣ ಎರಡೂ ನಮಗೆ ಚೆನ್ನಾಗಿ ಗೊತ್ತು. ಚರ್ಮದಲ್ಲಿ ಎಣ್ಣೆ ಹುಟ್ಟಿಸುವ ಗ್ರಂಥಿಗಳನ್ನು ಇದು ಕುಗ್ಗಿಸುತ್ತದೆ. ಎಣ್ಣೆ ಕಡಿಮೆಯಾದರೆ ಮೊಡವೆ ಕಡಿಮೆ. ಆದರೆ ಮುಖದ ಎಣ್ಣೆ ಮಾತ್ರ ಒಣಗಿಸು, ತುಟಿ ಮೂಗು ಬಿಟ್ಟುಬಿಡು ಅಂತ ಮಾತ್ರೆಗೆ ಹೇಳಲಾಗುವುದಿಲ್ಲವಲ್ಲ. ತುಟಿ ಒಣಗುವುದು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತದೆ. ಯಾರಾದರೂ ತುಟಿ ಒಡೆದಿಲ್ಲ ಅಂದರೆ ಹುಡುಗ ಮಾತ್ರೆ ನುಂಗುತ್ತಿದ್ದಾನಾ ಇಲ್ಲವಾ ಅಂತ ನನಗೆ ಅನುಮಾನ ಬರುತ್ತದೆ.

ದಿನಕ್ಕೆ ಏಳೆಂಟು ಸಲ ತುಟಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಲಿ. ಮನೆಯಲ್ಲಿ ತುಪ್ಪ ಇದ್ದರೆ ಅದೂ ಆಗುತ್ತದೆ. ನಾಲಿಗೆಯಿಂದ ತುಟಿ ಸವರಿಕೊಳ್ಳುವ ಅಭ್ಯಾಸ ಬಿಡಲಿ, ಅದರಿಂದ ಇನ್ನೂ ಒಣಗುತ್ತದೆ. ರಾತ್ರಿ ಮಲಗುವಾಗ ಬೆರಳ ತುದಿಯಲ್ಲಿ ಸ್ವಲ್ಪ ಜೆಲ್ಲಿ ತೆಗೆದು ಮೂಗಿನ ಹೊಳ್ಳೆಯ ಒಳಗೆ ಸವರಿಕೊಂಡರೆ ರಕ್ತ ಬರುವುದು ನಿಲ್ಲುತ್ತದೆ. ಕಣ್ಣು ಉರಿದರೆ ಕಣ್ಣು ತೇವ ಮಾಡುವ ಡ್ರಾಪ್ಸ್ ಕೇಳಿ. ಇಷ್ಟೆಲ್ಲ ಮಾಡಿಯೂ ತುಂಬಾ ಹಿಂಸೆ ಅನ್ನಿಸಿದರೆ ಡಾಕ್ಟರು ಡೋಸ್ ಇಳಿಸುತ್ತಾರೆ. ಅದಕ್ಕೇ ಅವರು ಇರುವುದು.

ಮೊದಮೊದಲು ಮೊಡವೆ ಜಾಸ್ತಿಯಾಗುವುದೂ ಹಲವರಿಗೆ ಆಗುತ್ತದೆ, ಸಾಮಾನ್ಯವಾಗಿ ತಾನೇ ತಣ್ಣಗಾಗುತ್ತದೆ. ಆದರೆ ಮೊಡವೆ ಒಡೆದು ಹುಣ್ಣಾಗಿ, ಜೊತೆಗೆ ಜ್ವರ, ಕೀಲುನೋವು ಬಂದರೆ ಕಾಯಬೇಡಿ, ಅವತ್ತೇ ತೋರಿಸಿ.

ಇನ್ನು ಲಿವರ್. ಕೆಲವರಲ್ಲಿ ರಕ್ತಪರೀಕ್ಷೆಯಲ್ಲಿ ಲಿವರ್ ಅಂಕಿಗಳು ಸ್ವಲ್ಪ ಏರುತ್ತವೆ, ಹೆಚ್ಚಿನವರಲ್ಲಿ ತಾವಾಗಿಯೇ ಇಳಿಯುತ್ತವೆ, ಇಲ್ಲವಾದರೆ ಡೋಸ್ ಇಳಿಸಿದಾಗ ಇಳಿಯುತ್ತವೆ. ನಿಜ ಹೇಳಬೇಕೆಂದರೆ ಲಿವರ್‌ಗಿಂತ ಜಾಸ್ತಿ ಏರುಪೇರಾಗುವುದು ಟ್ರೈಗ್ಲಿಸರೈಡ್, ಅಂದರೆ ರಕ್ತದ ಕೊಬ್ಬು. ಅದು ವಿಪರೀತ ಏರಿದರೆ ಮೇದೋಜೀರಕ ಗ್ರಂಥಿಗೆ ಊತ ಬರಬಹುದು, ಇದು ಬಲು ಅಪರೂಪ. ಅದಕ್ಕೇ ಶುರು ಮಾಡುವ ಮೊದಲು ಒಮ್ಮೆ, ತಿಂಗಳೆರಡು ತಿಂಗಳ ಮೇಲೆ ಇನ್ನೊಮ್ಮೆ ರಕ್ತ ನೋಡುತ್ತೇವೆ. ನಿಮ್ಮ ಮಗನಿಗೆ ಎರಡನೇ ಪರೀಕ್ಷೆಯ ಸಮಯ ಬಂದಿದೆ. ಮಾಡಿಸದಿದ್ದರೆ ಈ ವಾರವೇ ಮಾಡಿಸಿ, ಓರಗಿತ್ತಿಗೂ ರಿಪೋರ್ಟ್ ತೋರಿಸಿ.

ಕ್ಯಾಪ್ಸೂಲನ್ನು ಊಟದ ಜೊತೆ ನುಂಗಬೇಕು, ಊಟದಲ್ಲಿ ಸ್ವಲ್ಪ ತುಪ್ಪವೋ ಎಣ್ಣೆಯೋ ಇರಬೇಕು. ಇದು ಕೊಬ್ಬಿನಲ್ಲಿ ಕರಗುವ ಮದ್ದು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ. ಎ ವಿಟಮಿನ್ ಮಾತ್ರೆ, ಮೀನೆಣ್ಣೆ ಅಂತ ಕೊಡುವ ಕಾಡ್ ಲಿವರ್ ಆಯಿಲ್ ಕ್ಯಾಪ್ಸೂಲ್ ಬೇಡ. ಕ್ಯಾರೆಟ್ ಪಲ್ಯ ಧಾರಾಳವಾಗಿ ತಿನ್ನಲಿ, ಅದರಿಂದೇನೂ ಆಗುವುದಿಲ್ಲ. ಬಿಸಿಲು ಬೇಗ ಸುಡುತ್ತದೆ, ಸನ್‌ಸ್ಕ್ರೀನ್ ಹಚ್ಚಲಿ. ಕೆಲವರಿಗೆ ಮಬ್ಬುಗತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ರಾತ್ರಿ ಟ್ಯೂಷನ್ ಮುಗಿಸಿ ಗಾಡಿ ಓಡಿಸಿಕೊಂಡು ಬರುವವನಾದರೆ ಒಂದು ಮಾತು ಹೇಳಿಡಿ.

ಎಷ್ಟು ದಿನ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಜೋರು ಮೊಡವೆಗೆ ಹಳೆಯ ಲೆಕ್ಕ ಹೀಗಿದೆ: ದೇಹದ ತೂಕದ ಪ್ರತಿ ಕಿಲೋಗೆ ಒಟ್ಟು 120ರಿಂದ 150 ಮಿ.ಗ್ರಾಂ. ಮಗ 60 ಕಿಲೋ ಇದ್ದರೆ ಕಡಿಮೆ ಅಂದರೂ 7,200 ಮಿ.ಗ್ರಾಂ. ದಿನಕ್ಕೆ 20ರ ಹಾಗೆ ಹೋದರೆ 360 ದಿನ, 40ರ ಹಾಗೆ ಹೋದರೆ 180 ದಿನ. ಎಲ್ಲರಿಗೂ ಅಷ್ಟೇ ಬೇಕು ಅಂತಿಲ್ಲ, ಆದರೆ ಮುಖ ತಿಳಿಯಾಯಿತು ಅಂತ ಮೂರನೇ ತಿಂಗಳಿಗೇ ಬಿಟ್ಟರೆ ಮೊಡವೆ ವಾಪಸ್ ಬರುವ ಸಾಧ್ಯತೆ ಹೆಚ್ಚು. ಇನ್ನೊಂದು ಮಾತು. ಕೀವಿನ ಮೊಡವೆ ಹಾಗೇ ಬಿಟ್ಟರೆ ಕೆನ್ನೆಯ ಮೇಲೆ ಗುಳಿ ಬೀಳುತ್ತದೆ, ಅದು ಜೀವನಪೂರ್ತಿ ಉಳಿಯುತ್ತದೆ. ಮಾತ್ರೆ ಬಿಟ್ಟರೂ ಒಂದು ಸೈಡ್ ಎಫೆಕ್ಟ್ ಇದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ನನಗೆ 26. ಬೆಂಗಳೂರಿನಲ್ಲಿ ಕೆಲಸ. ಆರು ತಿಂಗಳಿಂದ ಐಸೋಟ್ರೆಟಿನಾಯಿನ್ 10 ಮಿ.ಗ್ರಾಂ. ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದೇನೆ. ಮೂರು ತಿಂಗಳಿಗೆ ಮದುವೆ. ಈ ಮಾತ್ರೆಯಿಂದ ಮುಂದೆ ಮಕ್ಕಳಾಗಲ್ಲ ಅಂತ ಯಾರೋ ಹೇಳಿ ಅಮ್ಮ ಅಳುತ್ತಾ ಕೂತಿದ್ದಾರೆ. ಡಾಕ್ಟರು "ಪ್ರೆಗ್ನೆಂಟ್ ಆಗಬಾರದು" ಅಂದಿದ್ದರು, ಮದುವೆಯೇ ಆಗಿಲ್ಲವಲ್ಲ ಅಂತ ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಮದುವೆಗೆ ಮುಂಚೆ ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಬಹುದಾ?

ಅಮ್ಮನಿಗೆ ಮೊದಲು ಹೇಳಿ, ಮಕ್ಕಳಾಗುತ್ತವೆ. ಈ ಮಾತ್ರೆ ಬಂಜೆತನ ತರುವುದಿಲ್ಲ. ನಿಲ್ಲಿಸಿದ ಒಂದು ತಿಂಗಳೊಳಗೆ ಮೈಯಿಂದ ಹೊರಟುಹೋಗುತ್ತದೆ, ಆಮೇಲೆ ಗರ್ಭ ನಿಂತರೆ ಈ ಮದ್ದಿನಿಂದ ಮಗುವಿಗೆ ಭಯವಿಲ್ಲ.

ಆದರೆ ಅಮ್ಮ ಅಳುತ್ತಿರುವುದು ಯಾವುದಕ್ಕೋ, ನಿಜವಾದ ಅಪಾಯ ಇರುವುದು ಇನ್ನೆಲ್ಲೋ. ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಗರ್ಭ ನಿಂತರೆ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಸರಿಯಾಗಿ ರೂಪುಗೊಳ್ಳದೆ ಹೋಗಬಹುದು, ಗರ್ಭಪಾತವೂ ಆಗಬಹುದು. ಇದು ಸಾವಿರಕ್ಕೊಬ್ಬರಿಗೆ ಆಗುವ ಮಾತಲ್ಲ, ತುಂಬಾ ದೊಡ್ಡ ಅಪಾಯ. 10 ಮಿ.ಗ್ರಾಂ. ಅಷ್ಟೇ ಅಲ್ವಾ, ಅದೂ ದಿನ ಬಿಟ್ಟು ದಿನ ಅಲ್ವಾ ಅನ್ನಬೇಡಿ. ಈ ವಿಷಯದಲ್ಲಿ ಸಣ್ಣ ಡೋಸ್ ಅನ್ನುವುದೇ ಇಲ್ಲ. ಕೆಲವೇ ದಿನ ತೆಗೆದುಕೊಂಡರೂ ಅಪಾಯವೇ. ಶುರು ಮಾಡುವ ಮುಂಚೆ ಗರ್ಭ ಇಲ್ಲ ಅಂತ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕು, ಮಾತ್ರೆ ನಡೆಯುವಷ್ಟು ದಿನ, ನಿಲ್ಲಿಸಿದ ಮೇಲೆ ಇನ್ನೂ ಒಂದು ತಿಂಗಳು ಗರ್ಭ ನಿಲ್ಲಬಾರದು.

ನಮ್ಮಲ್ಲಿ ತೊಂದರೆ ಎಲ್ಲಿದೆ ಗೊತ್ತಾ? ಮದುವೆಯಾಗದ ಹುಡುಗಿಯ ಹತ್ತಿರ, ಪಕ್ಕದಲ್ಲಿ ಅಮ್ಮ ಕೂತಿರುವಾಗ, ಡಾಕ್ಟರಿಗೂ ಮುಜುಗರ, ಹುಡುಗಿಗೂ ಮುಜುಗರ. ಹಾಗಾಗಿ ಇಷ್ಟು ಮುಖ್ಯವಾದ ಮಾತು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಾನು ಈಗ ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಿಸಿ ಮಾತಾಡುತ್ತೇನೆ. ಕೆಲವು ತಾಯಂದಿರಿಗೆ ಸಿಟ್ಟು ಬರುತ್ತದೆ, ಬರಲಿ.

ನಿಮ್ಮ ವಿಷಯದಲ್ಲಿ ನನಗನ್ನಿಸುವುದು, ನಿಮ್ಮ ಡಾಕ್ಟರ ಹತ್ತಿರ ಮಾತಾಡಿ ಮದುವೆಗೆ ಎರಡು ತಿಂಗಳು ಮುಂಚೆಯೇ ನಿಲ್ಲಿಸುವುದು ಲೇಸು. ಒಂದು ತಿಂಗಳು ಸಾಕು, ಆದರೆ ಮದುವೆ ಓಡಾಟದಲ್ಲಿ ಲೆಕ್ಕ ತಪ್ಪುತ್ತದೆ. ಆಮೇಲೆ ಮೊಡವೆ ಮರಳದ ಹಾಗೆ ಅಜೆಲಾಯಿಕ್ ಆಸಿಡ್ ಕ್ರೀಂ ಕೇಳಿ, ಅದು ಗರ್ಭಿಣಿಯರಿಗೂ ನಡೆಯುತ್ತದೆ. ಅಡಾಪಲೀನ್, ಟ್ರೆಟಿನಾಯಿನ್ ಕ್ರೀಂಗಳು ಈ ಮಾತ್ರೆಯ ಕುಲದವೇ, ಅವನ್ನು ಮಗು ಬೇಕು ಅನ್ನುವ ಹೊತ್ತಿಗೆ ಬಿಡಬೇಕು. ಅಕಸ್ಮಾತ್ ಯಾವಾಗಲಾದರೂ ಮಾತ್ರೆ ನಡೆಯುತ್ತಿರುವಾಗ ಮುಟ್ಟು ತಡವಾದರೆ ಮಾತ್ರೆ ನಿಲ್ಲಿಸಿ, ಅವತ್ತೇ ಪರೀಕ್ಷೆ ಮಾಡಿ, ಹೆರಿಗೆ ಡಾಕ್ಟರನ್ನು ನೋಡಿ.

ವ್ಯಾಕ್ಸಿಂಗ್ ಬೇಡವೇ ಬೇಡ. ಮಾತ್ರೆಯಿಂದ ಮೇಲ್ಚರ್ಮ ನಾಜೂಕಾಗಿರುತ್ತದೆ, ವ್ಯಾಕ್ಸ್ ಜೊತೆ ಚರ್ಮವೂ ಕಿತ್ತು ಬರುತ್ತದೆ, ಮದುವೆ ಫೋಟೋದಲ್ಲಿ ಕೆನ್ನೆ ಮೇಲೆ ಗಾಯದ ಗುರುತು ಉಳಿಯುತ್ತದೆ. ನಿಲ್ಲಿಸಿದ ಮೇಲೂ ಆರು ತಿಂಗಳು ವ್ಯಾಕ್ಸ್ ಮಾಡಿಸಬಾರದು ಅಂತ ಹೇಳುತ್ತೇವೆ. ಲೇಸರ್, ಪೀಲ್ ಅಂತ ಪಾರ್ಲರ್‌ನವರು ಪ್ಯಾಕೇಜ್ ಕೊಟ್ಟರೆ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಇದೇ ಪ್ರಶ್ನೆಯನ್ನು ಹುಡುಗರೂ ಕೇಳಿದ್ದಾರೆ. ಗಂಡಸು ಈ ಮಾತ್ರೆ ತೆಗೆದುಕೊಂಡರೆ ಹೆಂಡತಿಯ ಹೊಟ್ಟೆಯಲ್ಲಿನ ಮಗುವಿಗೆ ತೊಂದರೆಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಮಾತ್ರೆಯನ್ನು ಹೆಂಡತಿಗೋ ತಂಗಿಗೋ ಕೊಡಬೇಡಿ, ಅಷ್ಟೇ.

ಐಸೋಟ್ರೆಟಿನಾಯಿನ್ ತೆಗೆದುಕೊಳ್ಳುವಾಗ ಕಾಲೇಜಿನ ಕ್ಯಾಂಪಿನಲ್ಲಿ ರಕ್ತ ಕೊಡಬಹುದಾ?
– ವಿದ್ಯಾರ್ಥಿ, ತುಮಕೂರು

ಕೊಡಬಾರದು. ನಿಲ್ಲಿಸಿ ಒಂದು ತಿಂಗಳಾದ ಮೇಲೆ ಕೊಡಿ. ನಿಮ್ಮ ರಕ್ತ ಯಾರಿಗೆ ಹೋಗುತ್ತದೆ ಗೊತ್ತಿಲ್ಲ, ಒಬ್ಬ ಗರ್ಭಿಣಿಗೆ ಹೋಗಬಹುದು. ಕ್ಯಾಂಪಿನವರು ಕೇಳದಿದ್ದರೂ ನೀವೇ ಹೇಳಿ.

ನನಗೆ 29. ಮೂರು ವರ್ಷದ ಹಿಂದೆ ಮೊಡವೆ ಕಲೆಗೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿದೆ, ಒಂದು ಕ್ರೀಂ ಕೊಟ್ಟರು. ಹದಿನೈದು ದಿನಕ್ಕೆ ಮುಖ ಫಳಫಳ. ಆವತ್ತಿನಿಂದ ಬಿಟ್ಟಿಲ್ಲ. ಈಗ ಒಂದು ರಾತ್ರಿ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ, ಬಿಸಿಲಿಗೆ ಹೋಗಲಾಗುತ್ತಿಲ್ಲ, ಸಣ್ಣ ಸಣ್ಣ ಮೊಡವೆ ಗುಂಪುಗುಂಪಾಗಿ ಏಳುತ್ತವೆ, ಕೆನ್ನೆ ಮೇಲೆ ಕೂದಲು ಬಂದಿದೆ. ಮಾತ್ರೆ ಅಂದರೆ ನನಗೆ ಭಯ, ಅದಕ್ಕೇ ಬರೀ ಕ್ರೀಂ ಹಚ್ಚುತ್ತಿದ್ದೇನೆ. ಕ್ರೀಂಗೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?
– ಗೃಹಿಣಿ, ಕಲಬುರಗಿ

ಇದೆ ಅಮ್ಮಾ. ಈ ಸಲದ ಪತ್ರಗಳಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮದೇ.

ಟ್ಯೂಬ್ ಕೈಗೆ ತೆಗೆದುಕೊಳ್ಳಿ. ಮುಂದಿನ ದೊಡ್ಡ ಹೆಸರು ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ, ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್, ಇವುಗಳಲ್ಲಿ ಒಂದು ಹೆಸರು ಇದ್ದರೆ ಅದು ಸ್ಟೀರಾಯ್ಡ್ ಕ್ರೀಂ. ನೀವು ಹೇಳಿದ ಲಕ್ಷಣ ನೋಡಿದರೆ ಇದ್ದೇ ಇರುತ್ತದೆ ಅನ್ನಿಸುತ್ತದೆ.

ಸ್ಟೀರಾಯ್ಡ್ ಕೆಟ್ಟ ಮದ್ದಲ್ಲ. ಇಸುಬಿಗೆ, ಅಂದರೆ ಎಕ್ಸಿಮಾಗೆ, ನಾನೇ ಬರೆಯುತ್ತೇನೆ. ಮುಖದ ಕಪ್ಪು ಬಂಗಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್ ಸೇರಿಸಿದ ಮೂರರ ಕ್ರೀಂ ಕೆಲವು ವಾರಗಳ ಮಟ್ಟಿಗೆ ಕೊಡುವುದೂ ಉಂಟು. ತಪ್ಪಾಗುವುದು ಅದನ್ನು ಫೇರ್‌ನೆಸ್ ಕ್ರೀಂ ಮಾಡಿಕೊಂಡಾಗ. ಮೊದಲು ಕೆಂಪು, ಊತ ಇಳಿದು ಮುಖ ತಿಳಿಯಾಗಿ ಕಾಣುತ್ತದೆ, ಜನ ಏನು ಹಚ್ಚುತ್ತೀಯ ಅಂತ ಕೇಳುತ್ತಾರೆ, ನೀವು ಅದೇ ಟ್ಯೂಬಿನ ಹೆಸರು ಹೇಳುತ್ತೀರಿ, ಹೀಗೇ ಬೀದಿಗೆಲ್ಲ ಹಬ್ಬುತ್ತದೆ. ತಿಂಗಳು ಕಳೆದ ಹಾಗೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಕೂದಲು ಬೆಳೆಯುತ್ತದೆ, ಮೊಡವೆಗೆ ಹಚ್ಚಿದ ಮದ್ದೇ ಮೊಡವೆ ಹುಟ್ಟಿಸುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್ ಅಂತ ಹೆಸರೇ ಇಟ್ಟಿದ್ದಾರೆ, ಅಷ್ಟು ಜನ ಹೀಗೆ ಬರುತ್ತಾರೆ. ಅವರ ಸಂಘ ಇದರ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಂಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲೆ.

ಇವತ್ತೇ ಟ್ಯೂಬ್ ಕಸಕ್ಕೆ ಎಸೆಯಿರಿ ಅನ್ನುತ್ತಿಲ್ಲ. ಮೂರು ವರ್ಷ ಹಚ್ಚಿದ್ದನ್ನು ದಿಢೀರನೆ ಬಿಟ್ಟರೆ ಮುಖ ಇನ್ನೂ ಉರಿದು ನೀವು ಮತ್ತೆ ಅಂಗಡಿಗೆ ಓಡುತ್ತೀರಿ. ಟ್ಯೂಬ್ ಹಿಡಿದುಕೊಂಡು ಸ್ಕಿನ್ ಡಾಕ್ಟರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇರುತ್ತದೆ. ಅವರು ನೋಡಿ ಕ್ರಮೇಣ ಇಳಿಸುತ್ತಾರೆ ಅಥವಾ ನಿಲ್ಲಿಸಿ ಬೇರೆ ಮದ್ದು ಕೊಡುತ್ತಾರೆ. ಮೊದಲ ಕೆಲವು ವಾರ ಕಷ್ಟ, ಮುಖ ಚೆನ್ನಾಗಿ ಕಾಣುವುದಿಲ್ಲ, ಆಮೇಲೆ ತಿಂಗಳುಗಳು ಹಿಡಿಯುತ್ತವೆ, ಆದರೆ ಬಹಳಷ್ಟು ಜನರಿಗೆ ಸುಧಾರಿಸುತ್ತದೆ. ಅಲ್ಲಿಯವರೆಗೆ ಸೋಪು, ಸ್ಕ್ರಬ್, ನಿಂಬೆಹಣ್ಣು, ಬ್ಲೀಚ್ ಯಾವುದೂ ಬೇಡ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ಕಲಬುರಗಿ ಬಿಸಿಲಿಗೆ ತಲೆ ಮೇಲೆ ಸೆರಗೂ ಇರಲಿ, ಕೊಡೆಯೂ ಇರಲಿ.

ಮೊಡವೆಗೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ 100 ಮಿ.ಗ್ರಾಂ. ಕೊಟ್ಟಿದ್ದರು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿಬಿಟ್ಟೆ. ಬೆಳಿಗ್ಗೆ ಎದೆ ನಡುವೆ ಚುಚ್ಚಿದ ಹಾಗೆ ನೋವು, ಇಡ್ಲಿ ನುಂಗಿದರೂ ಜೀವ ಹೋಗುತ್ತದೆ. ಹಾರ್ಟಿಂದಾ?

ನಿಮ್ಮ ಕತೆ ಕೇಳಿದರೆ ಅನ್ನನಾಳದ್ದು ಅನ್ನಿಸುತ್ತದೆ. ಮಾತ್ರೆ ಹೊಟ್ಟೆಗೆ ಇಳಿಯದೆ ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿರುತ್ತದೆ. ಡಾಕ್ಸಿಗೆ ಈ ಕೆಟ್ಟ ಬುದ್ಧಿ ಇದೆ. ಆದರೆ ಎದೆನೋವನ್ನು ನಾನು ಪತ್ರದಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ, ಹೋಗಿ ತೋರಿಸಿಕೊಳ್ಳಿ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಿ. ಹುಣ್ಣು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಯುತ್ತದೆ.

ಮುಂದೆ ನೆನಪಿಡಿ. ಡಾಕ್ಸಿಯನ್ನು ಊಟವಾದ ಮೇಲೆ ಒಂದು ದೊಡ್ಡ ಲೋಟ ನೀರಿನಲ್ಲಿ, ಕೂತು ಅಥವಾ ನಿಂತು ನುಂಗಬೇಕು, ಅರ್ಧ ಗಂಟೆ ಮಲಗಬಾರದು. ಸ್ಲೀಪರ್ ಬಸ್ ಹತ್ತುವ ಮುಂಚೆಯೇ ಮುಗಿಸಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಬಿಳಿ ಟಾನಿಕ್ ಇವು ಡಾಕ್ಸಿಯನ್ನು ಮೈಗೆ ಹತ್ತಲು ಬಿಡುವುದಿಲ್ಲ, ಎರಡು ಮೂರು ಗಂಟೆ ಅಂತರವಿರಲಿ. ಬಿಸಿಲಿಗೆ ಚರ್ಮ ಸುಡುತ್ತದೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಮೊಡವೆ ಮಾತ್ರೆಯಾಗಿ ಕೊಡುವುದಿಲ್ಲ, ಮಗುವಿನ ಹಲ್ಲಿಗೆ ಬಣ್ಣ ಕೂರುತ್ತದೆ.

ಇನ್ನೊಂದು ಮುಖ್ಯ ಮಾತು: ಐಸೋಟ್ರೆಟಿನಾಯಿನ್ ನಡೆಯುತ್ತಿರುವಾಗ ಡಾಕ್ಸಿಯಾಗಲಿ, ಅದೇ ಜಾತಿಯ ಮಿನೋಸೈಕ್ಲಿನ್ ಆಗಲಿ ಜೊತೆಗೆ ಸೇರಬಾರದು. ಎರಡೂ ಸೇರಿದರೆ ತಲೆಯೊಳಗೆ ಒತ್ತಡ ಏರಿ ಜೋರು ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಆಗಬಹುದು. ಕೆಮ್ಮಿಗೆ ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗ ಅವರಿಗೆ ನೀವು ಹೇಳದೆ ಹೇಗೆ ಗೊತ್ತಾಗಬೇಕು? ಮತ್ತೆ ಡಾಕ್ಸಿ ಮೂರು ನಾಲ್ಕು ತಿಂಗಳಿಗಿಂತ ಜಾಸ್ತಿ ಎಳೆಯಬಾರದು, ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಇರಬೇಕು. ಇಲ್ಲದಿದ್ದರೆ ಕ್ರಿಮಿಗಳು ಆಂಟಿಬಯಾಟಿಕ್‌ಗೆ ಬಗ್ಗದ ಹಾಗಾಗುತ್ತವೆ.

ಜಿಮ್ ಫ್ರೆಂಡ್ ಒಬ್ಬ ಅವನ ಐಸೋಟ್ರೆಟಿನಾಯಿನ್ ಸ್ಟ್ರಿಪ್ ಕೊಟ್ಟ. ಅವನಿಗೆ ಸೂಪರ್ ಆಗಿ ಕೆಲಸ ಮಾಡಿದೆ. ನಾನೂ ಒಂದು ತಿಂಗಳಿಂದ ತಗೋತಿದ್ದೀನಿ. ವೇ ಪ್ರೋಟೀನ್, ಬಿ12, ಟ್ರೈನರ್ ಕೊಟ್ಟ ಒಂದು ಪೌಡರ್ ಕೂಡ ಇದೆ. ಮೈಕೈ ನೋವು ಜಾಸ್ತಿಯಾಗಿದೆ, ಪರವಾಗಿಲ್ವಾ?
– 21, ಮಂಡ್ಯ

ಪರವಾಗಿದೆ ತಮ್ಮಾ, ನಿಲ್ಲಿಸು. ಸ್ನೇಹಿತನ ಶರ್ಟ್ ಹಾಕಿಕೊಳ್ಳಬಹುದು, ಮಾತ್ರೆ ನುಂಗಬಾರದು. ಅವನ ತೂಕ ಬೇರೆ, ಅವನ ರಕ್ತ ಪರೀಕ್ಷೆಯಾಗಿದೆ, ನಿನ್ನದಾಗಿಲ್ಲ.

ನಿನ್ನ ಮೊಡವೆಗೆ ಕಾರಣ ನಿನ್ನ ಪಟ್ಟಿಯಲ್ಲೇ ಇರಬಹುದು. ಬಿ12 ಜಾಸ್ತಿಯಾದರೆ ಕೆಲವರಿಗೆ ಎದೆ, ಬೆನ್ನಿಗೆಲ್ಲ ಮೊಡವೆ ಏಳುತ್ತದೆ. ವೇ ಪ್ರೋಟೀನಿನಿಂದಲೂ ಕೆಲವರಿಗೆ ಹೆಚ್ಚಾಗುವುದನ್ನು ನೋಡಿದ್ದೇವೆ. ಟ್ರೈನರ್ ಪೌಡರಿನ ಡಬ್ಬಿಗೆ ಲೇಬಲ್ ಇದೆಯಾ? ಇಲ್ಲದಿದ್ದರೆ ಅದರಲ್ಲಿ ಮಸಲ್ ಬೆಳೆಸುವ ಹಾರ್ಮೋನು ಬೆರೆತಿದೆಯಾ ಅಂತ ಯಾರಿಗೆ ಗೊತ್ತು, ಆ ಹಾರ್ಮೋನಿನಿಂದ ಬರುವ ಮೊಡವೆ ಭಯಂಕರವಾಗಿರುತ್ತದೆ. ಐಸೋಟ್ರೆಟಿನಾಯಿನ್‌ಗೆ ಮಾಂಸಖಂಡದ ನೋವು ತರುವ ಗುಣ ಇದೆ, ಅದರ ಮೇಲೆ ನೀನು ದಿನಾ ಭಾರ ಎತ್ತಿದರೆ ಮಾಂಸಖಂಡಕ್ಕೆ ಪೆಟ್ಟಾಗಿದೆ ಅಂತ ತೋರಿಸುವ ಸಿಪಿಕೆ ಅನ್ನುವ ಅಂಕಿ ರಕ್ತದಲ್ಲಿ ಏರುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅರ್ಧ ದಿನವೂ ಕಾಯಬೇಡ, ಆಸ್ಪತ್ರೆಗೆ ಹೋಗು. ಹಾಗೇನೂ ಇಲ್ಲದಿದ್ದರೆ ಎಲ್ಲ ಡಬ್ಬಿ ಒಂದು ಚೀಲಕ್ಕೆ ಹಾಕಿಕೊಂಡು ಈ ವಾರ ಸ್ಕಿನ್ ಡಾಕ್ಟರ ಹತ್ತಿರ ಹೋಗು. ಬೈಯುತ್ತಾರೆ, ಬೈಸಿಕೊ.

ನನ್ನ ತಮ್ಮ ಎರಡು ತಿಂಗಳಿಂದ ಐಸೋಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದಾನೆ. ಇತ್ತೀಚೆಗೆ ಯಾರ ಹತ್ತಿರವೂ ಮಾತಿಲ್ಲ, ಕೋಣೆ ಬಾಗಿಲು ಹಾಕಿಕೊಂಡಿರುತ್ತಾನೆ. ಈ ಮಾತ್ರೆಯಿಂದ ಡಿಪ್ರೆಷನ್ ಬರುತ್ತದೆ ಅಂತ ಓದಿದೆ. ನಿಜವಾ?
– ಅಕ್ಕ, ಶಿವಮೊಗ್ಗ

ಇದು ಬಹಳ ಕಾಲದಿಂದ ಇರುವ ವಾದ. ಸಾವಿರಾರು ಜನರ ಲೆಕ್ಕ ಒಟ್ಟಿಗೆ ಇಟ್ಟು ನೋಡಿದ ಅಧ್ಯಯನಗಳಲ್ಲಿ, ಮಾತ್ರೆ ತೆಗೆದುಕೊಂಡವರಿಗೆ ಒಟ್ಟಾರೆಯಾಗಿ ಡಿಪ್ರೆಷನ್ ಹೆಚ್ಚು ಅಂತ ಕಂಡಿಲ್ಲ. ಮುಖ ತಿಳಿಯಾದ ಹಾಗೆ ಮನಸ್ಸೂ ಹಗುರಾದವರೇ ಜಾಸ್ತಿ. ಜೋರು ಮೊಡವೆಯೇ ಮನಸ್ಸನ್ನು ಎಷ್ಟು ಕುಗ್ಗಿಸುತ್ತದೆ ಅಂತ ಮೊಡವೆ ಇಲ್ಲದವರಿಗೆ ಅರ್ಥವಾಗುವುದಿಲ್ಲ. ಆದರೆ ಒಟ್ಟಾರೆ ಲೆಕ್ಕ ಬೇರೆ, ನಿಮ್ಮ ತಮ್ಮ ಬೇರೆ. ಎಲ್ಲೋ ಒಬ್ಬೊಬ್ಬರಿಗೆ ಮಾತ್ರೆ ಶುರುವಾದ ಮೇಲೆ ಮನಸ್ಸು ಕೆಟ್ಟದ್ದೂ ವರದಿಯಾಗಿದೆ. ಅದಕ್ಕೇ ಎಚ್ಚರಿಕೆಯ ಮಾತು ಮಾತ್ರೆಯ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ.

ಹಾಗಾಗಿ ಕಾರಣ ಮಾತ್ರೆಯೋ, ಪರೀಕ್ಷೆಯೋ, ಪ್ರೀತಿಯೋ ಅಂತ ನೀವೇ ಕೂತು ಪತ್ತೆ ಹಚ್ಚಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಹೇಳಿ, ನಿಲ್ಲಿಸಬೇಕಾ ಅಂತ ಅವರು ನಿರ್ಧರಿಸಲಿ. ಮನೆಯಲ್ಲಿ ಮೊದಲೇ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ತಮ್ಮನ ಪಕ್ಕದಲ್ಲಿ ಕೂತು ನೇರವಾಗಿಯೇ ಕೇಳಿ, ಬದುಕೇ ಬೇಡ ಅನ್ನಿಸುತ್ತಾ ಅಂತ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವಯಸ್ಸು 31. ಗಲ್ಲದ ಸುತ್ತ ಮೊಡವೆ, ಪಿಸಿಓಡಿ (ಅಂಡಾಶಯದ ಹಾರ್ಮೋನು ತೊಂದರೆ) ಇದೆ. ಸ್ಪಿರೊನೊಲ್ಯಾಕ್ಟೋನ್ 50 ಮಿ.ಗ್ರಾಂ. ಕೊಟ್ಟಿದ್ದಾರೆ. ಗೂಗಲ್ ಮಾಡಿದರೆ ಬಿಪಿ ಮಾತ್ರೆ ಅಂತ ಬರುತ್ತಿದೆ. ಡಾಕ್ಟರು ತಪ್ಪು ಬರೆದರಾ? ಎಳನೀರು ಕುಡಿಯಬಾರದಂತೆ, ಹೌದಾ?
– ಮಂಗಳೂರು

ತಪ್ಪು ಬರೆದಿಲ್ಲ. ಹುಟ್ಟಿದ್ದು ಬಿಪಿ, ಮೈಯ ನೀರು ಇಳಿಸುವ ಮಾತ್ರೆಯಾಗಿ, ಆದರೆ ಗಂಡು ಹಾರ್ಮೋನು ಎಣ್ಣೆ ಗ್ರಂಥಿಗಳನ್ನು ಕೆರಳಿಸುವುದನ್ನೂ ಇದು ತಡೆಯುತ್ತದೆ. ದವಡೆ, ಗಲ್ಲದ ಮೊಡವೆಗೆ ಒಳ್ಳೆಯ ಮದ್ದು, ಹೆಂಗಸರಿಗೆ ಮಾತ್ರ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಮುಟ್ಟು ಏರುಪೇರು, ಸ್ತನ ನೋವುವುದು, ಪದೇ ಪದೇ ಮೂತ್ರ, ಎದ್ದಾಗ ತಲೆ ಸುತ್ತು, ಇವು ಆಗಬಹುದು. ಗರ್ಭ ನಿಲ್ಲಬಾರದು, ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ತೊಂದರೆ.

ಎಳನೀರಿನ ಮಾತಿನಲ್ಲಿ ಹುರುಳಿದೆ. ಈ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತದೆ, ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಸರಿ ಇರುವ ಆರೋಗ್ಯವಂತ ಹೆಂಗಸಿಗೆ ಅಪರೂಪಕ್ಕೊಂದು ಎಳನೀರಿನಿಂದ ಏನೂ ಆಗುವುದಿಲ್ಲ, ದಿನಕ್ಕೆ ಎರಡು ಮೂರು ಬೇಡ. ಕಿಡ್ನಿ ತೊಂದರೆ ಇದ್ದರೆ, ಬಿಪಿಗೆ ಬೇರೆ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ, ರಕ್ತ ನೋಡಬೇಕಾಗುತ್ತದೆ. ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಇರುವುದೂ ಪೊಟ್ಯಾಸಿಯಮ್ಮೇ. ಎಳನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಈ ಉಪ್ಪಿನ ಬಗ್ಗೆ ಯಾರೂ ಕೇಳುವುದಿಲ್ಲ.

ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿ ಐಸೋಟ್ರೆಟಿನಾಯಿನ್‌ಗೆ ಹೆಸರು ನೋಂದಾಯಿಸಬೇಕಂತೆ, ಪ್ರತಿ ತಿಂಗಳು ಪ್ರೆಗ್ನೆನ್ಸಿ ಟೆಸ್ಟ್ ಅಂತೆ. ಮೈಸೂರಿನಿಂದ ಆರು ತಿಂಗಳ ಮಾತ್ರೆ ಕಳಿಸಿಬಿಡಮ್ಮ ಅನ್ನುತ್ತಾಳೆ. ಕಳಿಸಲಾ?

ಕಳಿಸಬೇಡಿ. ಅಲ್ಲಿ 2006ರಿಂದ ಐಪ್ಲೆಡ್ಜ್ ಅನ್ನುವ ವ್ಯವಸ್ಥೆ ಇದೆ. ಬರೆಯುವ ಡಾಕ್ಟರು, ಮಾರುವ ಅಂಗಡಿ, ನುಂಗುವ ರೋಗಿ ಮೂವರೂ ಅದರಲ್ಲಿ ದಾಖಲಾಗಬೇಕು. ಕಿರಿಕಿರಿ ನಿಜ, ಅಲ್ಲಿನ ಚರ್ಮವೈದ್ಯರೇ ಗೊಣಗುತ್ತಾರೆ. ಆದರೆ ಅಷ್ಟು ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. ಬರೀ ಎಚ್ಚರಿಕೆ ಬರೆದರೆ ಸಾಲದು ಅಂತ ಅನುಭವದಿಂದ ಗೊತ್ತಾದ ಮೇಲೆ ಬಂದದ್ದು. ಮೇಲೆ ಬೆಂಗಳೂರಿನ ಹುಡುಗಿಗೆ ಬರೆದದ್ದನ್ನು ಮಗಳಿಗೂ ಓದಿ ಹೇಳಿ.

ಆರು ತಿಂಗಳ ಮಾತ್ರೆ ಕೈಗೆ ಕೊಟ್ಟರೆ ರಕ್ತ ನೋಡುವವರಿಲ್ಲ, ಏನಾದರೂ ಆದರೆ ಅಲ್ಲಿನ ಡಾಕ್ಟರಿಗೆ ಹೇಳಲು ಭಯ, ಇಲ್ಲಿನ ಡಾಕ್ಟರು ನೋಡಿಲ್ಲ. ರೂಮ್‌ಮೇಟ್ ಕೇಳಿದರೆ ಅವಳಿಗೂ ಎರಡು ಕೊಡುತ್ತಾಳೆ. ಚಟ್ನಿಪುಡಿ ಕಳಿಸಿ.

ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಹಚ್ಚಿಕೊಂಡು ಅತ್ತೆಯ ಹೊಸ ಮೆರೂನ್ ಟವೆಲ್‌ನಲ್ಲಿ ಮುಖ ಒರೆಸಿದೆ. ಟವೆಲ್ ತುಂಬಾ ಬಿಳಿ ಮಚ್ಚೆ. ನನ್ನ ಮುಖವೂ ಹಾಗೇ ಆಗುತ್ತಾ?
– ಹೊಸ ಸೊಸೆ, ದಾವಣಗೆರೆ

ಮುಖಕ್ಕೆ ಆಗುವುದಿಲ್ಲ, ಬಟ್ಟೆಗೆ ಮಾತ್ರ. ಆ ಜೆಲ್ ಬಟ್ಟೆಯ ಬಣ್ಣ ತೆಗೆಯುತ್ತದೆ, ದಿಂಬಿನ ಕವರು, ಚೂಡಿದಾರದ ಕತ್ತು, ಹುಬ್ಬಿನ ಕೂದಲು ಕೂಡ ಸ್ವಲ್ಪ. ಮುಖ ಸಿಪ್ಪೆ ಏಳುತ್ತಿದ್ದರೆ 5 ಪರ್ಸೆಂಟಿನ ಬದಲು 2.5 ಪರ್ಸೆಂಟಿನದು ಕೇಳಿ, ಕೆಲಸ ಹೆಚ್ಚುಕಮ್ಮಿ ಅಷ್ಟೇ ಮಾಡುತ್ತದೆ, ಉರಿ ಕಡಿಮೆ. ನಿಮಗೊಂದು ಬಿಳಿ ಟವೆಲ್, ಅತ್ತೆಗೆ ಇನ್ನೊಂದು ಮೆರೂನ್ ಟವೆಲ್ ತನ್ನಿ.